ಆಸರಿಗೆ ಎಂತ ಬೇಕು?

ಫೆಬ್ರವರಿ 10, ಸೋಮವಾರ

ಇವತ್ತೂ ಒಂದೇ ರೌಂಡು. ಗೇಟಿಂದ ಬಲಕ್ಕೆ, ಹಿಟ್ಟಿನ ಗಿರಣಿ ಮೂಲೆ, ಬಸ್‌ಸ್ಟ್ಯಾಂಡ್ ರಸ್ತೆ, ಹೋಟೆಲುಗಳ ಸಾಲು, ಸಾಮಿಲ್ಲಿನ ಗೋಡೆ, ಮತ್ತೆ ಮನೆ. ಇಷ್ಟಕ್ಕೆ ಮಾತ್ರ ಈ ಕೊಪ್ಪದಲ್ಲಿ ನನಗೆ ಪರ್ಮಿಷನ್ನು. ಕೊಟ್ಟವಳು ರೇಖಾ, ನನ್ನ ತಂಗಿ ಮಗಳು. ಎತ್ತಿ ಆಡಿಸಿದ ಕೂಸು ಈಗ ನನಗೆ ಆರ್ಡರ್ ಮಾಡ್ತದೆ.

“ಮಾವ, ಈ ಸುತ್ತು ಬಿಟ್ಟು ಆಚೆ ಕಾಲಿಟ್ಟರೆ ನಿನ್ನ ಹಳ್ಳಿಗೆ, ನಾರ್ವೆಗೆ ಫೋನ್ ಮಾಡಿ ಅತ್ತೆಗೆ ಹೇಳ್ತೇನೆ.”

ಹೇಳಲಿ. ಅತ್ತೆಗೆ, ಅಂದರೆ ನನ್ನ ಹೆಂಡತಿಗೆ, ಎಮ್ಮೆ ಬಿಟ್ಟು ಬರಲಿಕ್ಕೆ ಪುರುಸೊತ್ತಿಲ್ಲ. ಆದರೂ ಹೆದರಿಕೆ. ಸುಳ್ಳು ಯಾಕೆ.

ಫಿಸಿಯೋ ಮಾಡುವ ಹುಡುಗಿ ಹೇಳಿದ್ದಾಳೆ, ದಿನಾ ನಡೆದದ್ದು ಬರೆದಿಡಿ ಅಂತ. ಹರೀಶ ಕಳೆದ ವರ್ಷದ ಡೈರಿ ಕೊಟ್ಟ. ಹರೀಶ ರೇಖಾಳ ಗಂಡ, ಬಸ್ ಡ್ರೈವರು, ಮನೆಯಲ್ಲಿ ಕಾಣಿಸುವುದೇ ಅಪರೂಪ. ಮಗ ಶಿಶಿರ, ಇನ್ನೂ ಸ್ಕೂಲು. ಏಳನೇ ಕ್ಲಾಸು ನಾರ್ವೆ ಸ್ಕೂಲಲ್ಲಿ ಫಸ್ಟು ಬಂದವನು ನಾನು. ಅಕ್ಷರ ಈಗಲೂ ಮುತ್ತು. ಮೇಷ್ಟ್ರೇ ಹೇಳಿದ್ದು.

ಕಾಲು ಮುರಿದದ್ದು ಹೇಗೆ? ಕೇಳಿದವರಿಗೆಲ್ಲ ಕಾಡುಕೋಣ ಅಟ್ಟಿಸಿಕೊಂಡು ಬಂತು ಅಂತ ಹೇಳಿದ್ದೇನೆ. ಇದನ್ನು ಯಾರೂ ಓದುವುದಿಲ್ಲ, ಬರೀತೇನೆ — ಬಚ್ಚಲುಮನೆ. ಸೋಪು.

ಫೆಬ್ರವರಿ 12

ದಿನಾ ಅದೇ ಸುತ್ತು. ಕಾಡಲ್ಲಿ ಹುಟ್ಟಿ ಬೆಳೆದವನನ್ನ ಗಾಣಕ್ಕೆ ಕಟ್ಟಿದ ಹಾಗೆ. ಇವತ್ತು ತೀರ್ಮಾನ ಮಾಡಿದೆ: ಸುತ್ತು ಇಷ್ಟೇ ಆದರೆ ಇಷ್ಟನ್ನೇ ಪೂರಾ ನೋಡೋಣ. ಬೇಟೆಗೆ ಹೋದವನ ಹಾಗೆ. ನಿಧಾನ, ಕಣ್ಣು ಬಿಟ್ಟುಕೊಂಡು.

ಎಂಥ ಸಪ್ಪೆ ರಸ್ತೆ ಮಾರಾಯ! ಆ ಕಡೆ ಬಸ್‌ಸ್ಟ್ಯಾಂಡು ಅರಚುತ್ತಾ ಇರುತ್ತದೆ. ಈ ಕಡೆ ತಿರುಗಿದರೆ ಕೆಮ್ಮಿದರೂ ಕೇಳುವಷ್ಟು ಮೌನ. ಎಲ್ಲರೂ ಕಾಂಪೌಂಡ್ ಕಟ್ಟಿ ಒಳಗೆ ಕೂತಿದ್ದಾರೆ. ಗೋಡೆ ಮೇಲೆ ಗಾಜಿನ ಚೂರು. ಒಂದು ಮನೆಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು. ನಾಯಿ ಇಲ್ಲ. ಮೂರು ದಿನದಿಂದ ಗಮನಿಸಿದ್ದೇನೆ. ಅಕ್ಕಪಕ್ಕ ಯಾರೂ ಇರಲಿಲ್ಲ, ಗೇಟಿನ ಮುಂದೆ ನಿಂತು ನಾನೇ ಬೊಗಳಿದೆ. ಒಳಗಿಂದ ಹೆಂಗಸೊಬ್ಬಳು — “ರೀ, ಯಾರದೋ ನಾಯಿ ಬಂದಿದೆ ನೋಡಿ!” ಓಡಲಿಕ್ಕೆ ಆಗುವುದಿಲ್ಲವಲ್ಲ, ಮರ್ಯಾದಸ್ಥನ ಹಾಗೆ ನಡೆದು ಬಂದೆ.

ಒಂದು ಹಲಸಿನ ಮರ. ಬುಡ ಒಬ್ಬರ ಹಿತ್ತಲಲ್ಲಿ, ಕೊಂಬೆ ಇನ್ನೊಬ್ಬರ ಹಿತ್ತಲಲ್ಲಿ. ನೋಡುತ್ತಾ ನಿಂತಿದ್ದೆ. ಗೋಡೆ ಆಚೆ ಒಂದು ದೋಟಿ ಮೇಲೆ ಬಂತು, ಎಲೆ ಕೊಯ್ದು ಕೆಳಗೆ ಹೋಯ್ತು. ಕೈ ಕಾಣಲಿಲ್ಲ, ತಲೆ ಕಾಣಲಿಲ್ಲ.

ಅಂದರೆ ಈ ಸುತ್ತಿನ ಹೊಟ್ಟೆಯೊಳಗೆ ಯಾರೋ ಇದ್ದಾರೆ. ನಾಲ್ಕೂ ಕಡೆ ಸುತ್ತಿದೆ. ಒಳಗೆ ಹೋಗುವ ದಾರಿ ಎಲ್ಲಿ?

ಫೆಬ್ರವರಿ 13

ಸಿಕ್ಕಿತು. ನನ್ನ ಕಣ್ಣಿಂದ ತಪ್ಪಿಸಿಕೊಂಡ ದಾರಿ ಇನ್ನೂ ಹುಟ್ಟಿಲ್ಲ.

ಹೋಟೆಲಿನ ಹಿಂದೆ ದೊಡ್ಡ ಚರಂಡಿ, ಆಳ. ಅದರ ಮೇಲೆ ದಾಟಲಿಕ್ಕೆ ಅಡಿಕೆ ಮರದ ಸಂಕ. ಎರಡು ಮರ ಇತ್ತಂತೆ, ಒಂದು ಲಡ್ಡು ಹಿಡಿದು ಕೊಳೆತು ಬಿದ್ದಿದೆ. ಉಳಿದ ಒಂದರ ಮೇಲೆ ಹೆಂಗಸೊಬ್ಬಳು ಬರ್ತಾ ಇದ್ದಾಳೆ — ತಲೆ ಮೇಲೆ ಬುಟ್ಟಿ, ಬುಟ್ಟಿಯಿಂದ ಹಬೆ.

“ಎಂತ ತಾಯಿ, ಸರ್ಕಸ್ಸಾ?” ಅಂದೆ.

“ಸರ್ಕಸ್ಸಾಗಿದ್ದರೆ ಟಿಕೆಟ್ ಕೇಳ್ತಿದ್ದೆ. ಪುಕ್ಕಟೆ ನೋಡ್ತಾ ಇದೀರಲ್ಲ, ಆ ತುದಿಗೆ ಕಾಲು ಒತ್ತಿ ಹಿಡೀರಿ. ಅಲುಗ್ತದೆ.”

ಮುರಿದ ಕಾಲು ಇಡೋದಾ, ಒಳ್ಳೆ ಕಾಲು ಇಡೋದಾ ಅಂತ ಯೋಚಿಸುವುದರೊಳಗೆ ದಾಟಿ ಬಂದಳು. ಯಮುನಮ್ಮ. ನನ್ನ ಪ್ರಾಯವೇ ಇರಬೇಕು. ಬುಟ್ಟಿಯಲ್ಲಿ ಕೊಟ್ಟೆ ಕಡುಬು, ಹಲಸಿನೆಲೆಯದ್ದು. ದಿನಾ ಬೆಳಿಗ್ಗೆ ಹೋಟೆಲಿಗೆ ಕೊಡುತ್ತಾಳೆ. ಮನೆ ಈ ಸುತ್ತಿನ ನಟ್ಟನಡುವೆ. ಮೊದಲು ಆ ಕಡೆ ರಸ್ತೆಗೆ ಒಳ್ಳೆ ಓಣಿ ಇತ್ತಂತೆ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಉಮಾಮಹೇಶ್ವರ ಭಟ್ಟರು ಕಾಂಪೌಂಡ್ ಕಟ್ಟಿಸುವಾಗ ಓಣಿಯನ್ನೂ ಒಳಗೆ ಹಾಕಿಕೊಂಡರು. ಅಂಗಳ ಮಾಡಿ, ಯಮುನಮ್ಮನ ಕಡೆಗೆ ಒಂದು ಸಣ್ಣ ಗೇಟಿಟ್ಟು, ಅದಕ್ಕೆ ಬೀಗ.

“ಕೇಳಲಿಲ್ವಾ?”

“ಕೇಳಿದೆ ಮಾರಾಯ್ರೆ. ಸಂಕ ಇದೆಯಲ್ಲ ಅಂದರು. ಸಂಕದ ವಿಷಯ ಪಂಚಾಯ್ತಿಯಲ್ಲಿ ಕೇಳಿದೆ. ಟೆಂಡರ್ ಆಗಬೇಕು ಅಂದರು. ಟೆಂಡರ್ ಆಗುವವರೆಗೆ ನಾನು ಗಾಳಿಯಲ್ಲಿ ಹೋಗಬೇಕು.”

ಒಂದು ಕಡುಬು ಕೊಟ್ಟಳು. ಬಿಸಿ. ಎಲೆ ಬಿಡಿಸುವಾಗ ಬೆರಳು ಸುಟ್ಟಿತು. ನಾರ್ವೆಯಲ್ಲೂ ಇಂಥದ್ದು ತಿಂದಿಲ್ಲ. (ಹೆಂಡತಿ ಈ ಡೈರಿ ನೋಡಬಾರದು.)

ಮನೆಗೆ ಬಂದರೂ ಆ ಮರ ಅಲುಗಿದ್ದು ಕಣ್ಣಿಂದ ಹೋಗ್ತಾ ಇಲ್ಲ.

ಫೆಬ್ರವರಿ 15, ಶನಿವಾರ

ಇವತ್ತಿನದ್ದು ಪೂರ್ತಿ ಬರೀಬೇಕು.

ಬೆಳಿಗ್ಗೆ ಉಮಾಮಹೇಶ್ವರನ ಮನೆ ಗೇಟು ತೆಗೆದು ಸೀದಾ ಒಳಗೆ ಹೋದೆ. ಹಗಲಲ್ಲಿ ಮುಂದಿನ ಗೇಟಿಗೆ ಬರೇ ಚಿಲಕ. ಬೀಗ ಹಿಂದಿನದಕ್ಕೆ ಮಾತ್ರ. ಅಂಗಳಕ್ಕೆ ಇಂಟರ್‌ಲಾಕ್. ಸುತ್ತ ದಾಸವಾಳ. ಮನುಷ್ಯ ಬ್ಯಾಂಕಿಂದ ರಿಟೈರಾದವನು, ಪಂಚೆ ಎತ್ತಿ ಕಟ್ಟಿ ಗಿಡಕ್ಕೆ ನೀರು ಬಿಡ್ತಾ ಇದ್ದ.

“ಯಾರ್ರೀ ಅದು? ಗೇಟು ಹಾಕಿದ್ದು ಕಾಣಲಿಲ್ವಾ?”

“ಕಂಡಿತು ಭಟ್ರೆ. ಅದಕ್ಕೇ ತೆಗೆದು ಬಂದೆ.”

“ಇದು ಪ್ರೈವೇಟ್ ಜಾಗ.”

“ಇದು ಓಣಿ. ಮೇಲೆ ಇಂಟರ್‌ಲಾಕ್ ಹಾಸಿದ್ದೀರಿ ಅಷ್ಟೇ. ಎಮ್ಮೆಗೆ ಶಾಲು ಹೊದೆಸಿದರೆ ಹಸು ಆಗ್ತದಾ?”

ಪೈಪು ಕೆಳಗಿಟ್ಟ. ಮುಖ ಕೆಂಪು. ಬಸ್‌ಸ್ಟ್ಯಾಂಡಿನ ಕುಡುಕರು ಸಂಕ ದಾಟಿ ಬಂದು ಇಲ್ಲೇ ಉಚ್ಚೆ ಹೊಯ್ತಿದ್ದರಂತೆ. ಬೆಳಗಾಗುವುದರೊಳಗೆ ದೇವರ ಹೂವು ಖಾಲಿಯಂತೆ. “ಪೂಜೆಗೆ ಒಂದು ಹೂವಿಲ್ಲದೆ ನಿಂತ ದಿನ ನನಗೆ ಎಷ್ಟು ಬೇಜಾರಾಗಿತ್ತು ಗೊತ್ತುಂಟಾ ನಿಮಗೆ?” ಸುಳ್ಳು ಹೇಳ್ತಾ ಇರಲಿಲ್ಲ.

“ಕುಡುಕರನ್ನ ನಿಲ್ಲಿಸಿ, ಬೇಡ ಅಂದವರಾರು? ಯಮುನಮ್ಮ ಕುಡೀತಾಳಾ?”

“ನೀವ್ಯಾರ್ರೀ ಕೇಳೋಕೆ? ನಡೀರಿ ಹೊರಗೆ.”

ಬೆರಳು ಗೇಟಿನ ಕಡೆ ತೋರಿಸಿದ. ನಾನು ಊರುಗೋಲು ಗಟ್ಟಿ ಮಾಡಿ ನಿಂತೆ. ಅಷ್ಟರಲ್ಲಿ ಒಳಗಿಂದ ಅವನ ಹೆಂಡತಿ ಶಾರದಾಂಬ ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದರು. ಗಂಡನ ಮುಖ ನೋಡಲಿಲ್ಲ, ಜಗಳ ಕೇಳಲಿಲ್ಲ. ನನ್ನನ್ನ ನೋಡಿದರು —

“ಆಸರಿಗೆ ಎಂತ ಬೇಕು?”

ಮುಗೀತು!

ಕಿಗ್ಗ ತವರಂತೆ. ನಮ್ಮ ಸೀಮೆ ಹೆಂಗಸು. ಅಂಗಳಕ್ಕೆ ಬಂದವನಿಗೆ ನಮ್ಮಲ್ಲಿ ಮೊದಲ ಮಾತೇ ಅದು, ಬಾಯಾರಿಕೆಗೆ ಎಂತ ಕೊಡಲಿ ಅಂತ. ಹೆಸರು ಆಮೇಲೆ. ಬಂದ ಕೆಲಸ ಆಮೇಲೆ. ಜಗಳವೂ ಆಮೇಲೆ. ಅವರು ಯೋಚಿಸಿ ಕೇಳಿದ್ದಲ್ಲ. ಕಾಲು ಎಡವಿದರೆ ‘ಅಮ್ಮಾ’ ಬರ್ತದಲ್ಲ, ಹಾಗೆ ಬಂತು.

“ಬೆಲ್ಲ ನೀರು ಸಾಕು ತಾಯಿ” ಅಂದವನೇ ಜಗಲಿ ಮೇಲೆ ಕೂತೆ.

ಉಮಾಮಹೇಶ್ವರನ ಬೆರಳು ಗೇಟಿನ ಕಡೆಯೇ ಇತ್ತು. ಪಾಪ, ಅದನ್ನ ಏನು ಮಾಡಬೇಕು ಅಂತ ಅವನಿಗೆ ತಿಳೀಲಿಲ್ಲ. ಆಸರಿಗೆ ಕೇಳಿಸಿಕೊಂಡವನು ನೆಂಟ. ನೆಂಟನನ್ನ ಅಟ್ಟುವ ಹಾಗಿಲ್ಲ. ಕುಡಿಯುವವನನ್ನ ಬೈಯುವ ಹಾಗೂ ಇಲ್ಲ, ನೆತ್ತಿಗೆ ಹತ್ತಿದರೆ ಪಾಪ ಮನೆಯವರಿಗೆ. ಆದ್ದರಿಂದ ಬಹಳ ನಿಧಾನ ಕುಡಿದೆ.

ನಮ್ಮಪ್ಪನಿಗೆ ಇಂಥ ಅಂಗಳದಲ್ಲಿ ದೂರ ನಿಲ್ಲಿಸಿ ಬೊಗಸೆಗೆ ಹೊಯ್ಯುತ್ತಿದ್ದರು. ನನಗೆ ಸ್ಟೀಲ್ ಲೋಟ, ಕೈಗೇ ಕೊಟ್ಟರು. ಇಷ್ಟು ದೂರ ಬಂದ ಕಾಲಕ್ಕೆ ಒಂದು ಗೇಟು ಎಂಥ ಲೆಕ್ಕ?

ಲೋಟ ಕೆಳಗಿಟ್ಟು ಹೇಳಿದೆ: “ತಾಯಿ, ಕಾಡುಕೋಣ ತುಳಿದ ಕಾಲು. ಸುತ್ತಿ ಹೋಗೋಕೆ ಆಗಲ್ಲ. ಹಿಂದಿನ ಗೇಟು ತೆಗೆದು ಕೊಡ್ತೀರಾ?”

ಬಾಗಿಲ ಹಿಂದಿನ ಮೊಳೆಯಿಂದ ಕೀ ತೆಗೆದು ತಂದರು. ಗೇಟು ತೆರೆದರೆ ಆಚೆ ಯಮುನಮ್ಮ, ನಮ್ಮ ಜಗಳ ಕೇಳಿ ಬುಟ್ಟಿ ಹೊತ್ತು ನಿಂತಿದ್ದಾಳೆ! ನಾನು ಆಚೆ ಹೋದೆ. ಅವಳು ಈಚೆ ಬಂದಳು. ಹೋಟೆಲಿಗೆ ಕೊಟ್ಟು ಅವಳು ತಿರುಗಿ ಬರುವಾಗ ನಾನೂ ಅದೇ ಗೇಟಲ್ಲಿ ಹೊರಬಂದೆ. ಗೇಟು ಅಂದರೆ ಎರಡೂ ಕಡೆಯಿಂದ ಗೇಟೇ.

ರಾತ್ರಿ ಊಟಕ್ಕೆ ಕೂತಾಗ ರೇಖಾಳಿಗೆ ಹೇಳಿ ನಗಿಸೋಣ ಅಂತ ಹೊರಟೆ. ತಟ್ಟೆ ಕೆಳಗಿಟ್ಟಳು.

“ಯಾರ ಮನೆ ಅಂದೆ ಮಾವ? ಉಮಾಮಹೇಶ್ವರ ಭಟ್ಟರದ್ದಾ? ಈ ಮನೆ ಓನರ್ರೂ ಅವರೇ!”

ಇದು ಮೊದಲೇ ಹೇಳಬೇಕಿತ್ತು ಹುಡುಗಿ.

ಫೆಬ್ರವರಿ 18

ನಿನ್ನೆಯೂ ಹೋದೆ. ಇವತ್ತೂ ಹೋದೆ. ಬೆಳಿಗ್ಗೆ ಯಮುನಮ್ಮನ ಕಡುಬು ಬೇಯುವ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಕೆಮ್ಮುತ್ತೇನೆ. “ಆಸರಿಗೆ ಎಂತ ಬೇಕು ಧರ್ಮಪ್ಪ?” ಈಗ ಹೆಸರು ಬೇರೆ ಗೊತ್ತು. ನಿನ್ನೆ ಪುನರ್ಪುಳಿ ಪಾನಕ. ಇವತ್ತು ಮಜ್ಜಿಗೆ, ಒಗ್ಗರಣೆ ಹಾಕಿದ್ದು. ಆಮೇಲೆ ಕೀ. ಆಮೇಲೆ ಗೇಟು. ಆಮೇಲೆ ಬುಟ್ಟಿ.

ಉಮಾಮಹೇಶ್ವರ ಒಳಗೆ ಪೇಪರ್ ಹಿಡಿದು ಕೂತಿರ್ತಾನೆ. ಇವತ್ತು ಪೇಪರ್ ತಲೆಕೆಳಗಾಗಿತ್ತು. ದೇವರಾಣೆ.

ಯಮುನಮ್ಮ ಕೇಳಿದಳು, “ಧರ್ಮಣ್ಣ, ದಿನಾ ಹೀಗೆ ಎಷ್ಟು ದಿನ ನಡೀತದೆ?”

“ನನ್ನ ಬಾಯಾರಿಕೆ ಮುಗಿಯುವವರೆಗೆ” ಅಂದೆ. ಡೈಲಾಗ್ ಚೆನ್ನಾಗಿ ಬಂತು. ಬರೆದಿಡುವಂಥದ್ದು.

“ಹೌದು, ನಿಮ್ಮ ಕಾಲು ಸರಿಯಾಗಿ ಊರಿಗೆ ಹೋದಿರಿ ಅಂದುಕೊಳ್ಳಿ. ನನಗೆ ಮತ್ತೆ ಸಂಕವೇ ತಾನೇ?”

ಕಡುಬು ಆರ್ತದೆ, ನಡೀರಿ ಅಂದೆ. ಅದು ಡೈಲಾಗ್ ಅಲ್ಲ.

ಫೆಬ್ರವರಿ 20

ಫೋನ್ ಬಂತಂತೆ ರೇಖಾಳಿಗೆ. ನೆಂಟರನ್ನ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇರೆ ಮನೆ ನೋಡಿಕೊಳ್ಳಿ.

“ಮಾವ, ನಿನಗೆ ಇದು ತಮಾಷೆ. ನಾನು ಎಲ್ಲಿ ಹೋಗಲಿ? ಶಿಶಿರನ ಸ್ಕೂಲು ಇಲ್ಲೇ ಹತ್ತಿರ. ಹರೀಶನ ಡಿಪೋ ಇಲ್ಲೇ ಹತ್ತಿರ.”

“ತಮಾಷೆ ಅಲ್ಲ ಕಣೇ. ಆ ಹೆಂಗಸು ಬಿದ್ದರೆ?”

“ನೀನು ಮರ ಕಡಿಸಿ ಇನ್ನೊಂದು ಸಂಕ ಹಾಕಿಸು. ಊರಲ್ಲಿ ಅಷ್ಟು ದೊಡ್ಡ ಜನ ಅಂತೀಯಲ್ಲ.”

“ಹಾಕಿಸಬಹುದು. ಹಾಕಿಸಿದ ದಿನ ಓಣಿ ಸತ್ತಿತು ಅಂತಲೇ ಲೆಕ್ಕ. ಆಮೇಲೆ ಎಲ್ಲರೂ ಸಂಕ ಇದೆಯಲ್ಲ ಅಂತಾರೆ.”

ಸಿಟ್ಟಲ್ಲಿ ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಎಂದಿನದ್ದಲ್ಲ.

ನಾಳೆ ಹೋಗುವುದಾ? ಹೋಗುವುದೇ. ಬಾಯಿಗೆ ಹೇಳಿ ಬಿಟ್ಟಿದ್ದೇನೆ, ಕಾಲಿಗೆ ಹೇಳಬೇಕು.

ಫೆಬ್ರವರಿ 21

ಕೆಮ್ಮಿದೆ. ಶಾರದಾಂಬ ಬಾಗಿಲಿಗೆ ಬಂದರು. ನಿಂತರು.

ಕೇಳಲಿಲ್ಲ.

ತುಟಿ ಅಲುಗಿತು. ಗಂಡ ಹಿಂದೆಯೇ ನಿಂತಿದ್ದ. “ನಾನು ಹೇಳಿದ್ದೇನೆ ಇವಳಿಗೆ. ಇನ್ನು ಬಂದವರಿಗೆ ಯಾರಿಗೂ ಏನೂ ಕೇಳುವ ಹಾಗಿಲ್ಲ. ಯಾರಿಗೂ. ಕೇಳಿದ್ದಕ್ಕೇ ಅಲ್ವಾ ಇಷ್ಟೆಲ್ಲಾ.”

ಅವರ ಕಣ್ಣು ನೆಲ ನೋಡುತ್ತಿತ್ತು. ಕೈ ಸೆರಗಿನಲ್ಲಿ ಸುತ್ತಿಕೊಂಡಿತ್ತು, ಎಲ್ಲೋ ತಪ್ಪಿ ಲೋಟ ಹಿಡಿದೀತು ಅನ್ನುವ ಹಾಗೆ.

ಜಗಲಿ ಅದೇ. ಅಂಗಳ ಅದೇ. ಕೂರಲಿಕ್ಕೆ ಆಗಲಿಲ್ಲ. ಕೇಳಿದರೆ ನಾನು ನೆಂಟ. ಕೇಳದೆ ಹೋದರೆ ಇನ್ನೊಬ್ಬರ ಅಂಗಳದಲ್ಲಿ ನಿಂತ ಕುಂಟ.

ಹಿಂದಿನ ಗೇಟಿನ ಆಚೆ ಬುಟ್ಟಿಯ ಹಬೆ ಕಾಣುತ್ತಿತ್ತು. ಯಮುನಮ್ಮ ಕಾದು, ಕಾದು, ಸಂಕದ ಕಡೆ ತಿರುಗಿದಳು.

ವಾಪಸ್ ಬಂದೆ.

ಮಾರ್ಚ್ 1, ಶನಿವಾರ

ಬರೆಯಲಿಲ್ಲ ಇಷ್ಟು ದಿನ. ಏನು ಬರೆಯುವುದು? ನಡೆದೆ, ಬಂದೆ, ಉಂಡೆ. ಆ ಮನೆ ಮುಂದೆ ಬಂದಾಗ ರಸ್ತೆಯ ಆ ಪಕ್ಕ ಹಿಡಿದೆ. ಶಿವರಾತ್ರಿಗೂ ಹೊರಗೆ ಹೋಗಲಿಲ್ಲ. ಶಿಶಿರ ಕೇಳಿದ, “ಅಜ್ಜ, ಕೋಣದ ಕಥೆ ಹೇಳು.” ಕೋಣ ಸತ್ತುಹೋಯ್ತು ಅಂದೆ.

ಇವತ್ತು ಯಮುನಮ್ಮ ಬಿದ್ದಳು.

ಹೋಟೆಲಿನ ಹಿಂದೆ ಜನ ಸೇರಿದ್ದರು. ಓಡಿದೆ ಅಂತ ಬರೀಲಿಕ್ಕೆ ಆಸೆ, ಆದರೆ ಕುಂಟಿದೆ. ಚರಂಡಿಯ ಕಪ್ಪು ನೀರಲ್ಲಿ ಕಡುಬು ತೇಲ್ತಾ ಇದೆ, ಒಂದೊಂದೇ, ಹಲಸಿನೆಲೆ ದೋಣಿ ಹಾಗೆ. ಅವಳನ್ನ ಮೇಲೆ ಎಳೆದು ಕೂರಿಸಿದ್ದರು. ಮೊಣಕೈ ಕಿತ್ತು ರಕ್ತ. ಸೀರೆಯೆಲ್ಲ ಕೆಸರು. ಅಳ್ತಾ ಇರಲಿಲ್ಲ. ಖಾಲಿ ಬುಟ್ಟಿಯ ಹಾಗೆ ಕೂತಿದ್ದಳು.

ನನ್ನ ನೋಡಿ, “ಟಿಕೆಟ್ ಇಡಬೇಕಿತ್ತು ಧರ್ಮಣ್ಣ” ಅಂದಳು.

ನಗಲಿಕ್ಕೆ ಆಗಲಿಲ್ಲ ನನಗೆ.

ರೇಖಾಳೇ ಬಂದು ಮನೆಗೆ ಕರೆದುಕೊಂಡು ಹೋದಳು. ಬಿಸಿನೀರು, ಡೆಟಾಲು, ತನ್ನದೊಂದು ನೈಟಿ. ಯಮುನಮ್ಮ ಹೋದ ಮೇಲೆ ಅವಳ ಕೆಸರು ಸೀರೆ ಒಗೆಯಲಿಕ್ಕೆ ಕೂತಳು ಹುಡುಗಿ. ಆಮೇಲೆ ಬಟ್ಟೆ ಹಿಂಡುತ್ತಾ, ನನ್ನ ಕಡೆ ನೋಡದೆ —

“ಮಾವ. ಮನೆ ಬಿಡಿ ಅಂದರೆ ಕೊಪ್ಪದಲ್ಲಿ ಬೇರೆ ಮನೆ ಇಲ್ವಾ?”

ನನ್ನ ತಂಗಿ ಮಗಳು. ರಕ್ತ ಎಲ್ಲಿ ಹೋಗ್ತದೆ.

ಮಾರ್ಚ್ 3, ಸೋಮವಾರ

ಇವತ್ತು ಅಕ್ಷರ ಮುತ್ತಲ್ಲ, ಸೊಟ್ಟ. ಹೆದರಿಕೆಗೆ ಅಲ್ಲ. ನಗೆಗೆ.

ಬೆಳಿಗ್ಗೆ ಹೋದೆ. ಕೆಮ್ಮಲಿಲ್ಲ, ಕಾಯಲಿಲ್ಲ, ಯಾರೂ ಕೇಳಲಿಲ್ಲ. ಕೇಳದಿದ್ದರೆ ಬೇಡ! ಹಿಂದಿನ ಗೇಟಿಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತೆ. “ಭಟ್ರೆ, ಮೊನ್ನೆ ಒಬ್ಬಳು ಬಿದ್ದಳು. ಈ ಗೇಟು ತೆಗೆಯುವವರೆಗೆ ನಾನು ಇಲ್ಲೇ.”

“ಪೊಲೀಸಿಗೆ ಫೋನ್ ಮಾಡ್ತೇನೆ.”

“ಮಾಡಿ. ನನ್ನ ಮೊಬೈಲಲ್ಲಿ ಕರೆನ್ಸಿ ಇದೆ, ಬೇಕಾ?”

ನಿಜವಾಗಿಯೂ ಮಾಡಿದ. ಬಂದ ಒಬ್ಬ ಕಾನ್‌ಸ್ಟೇಬಲ್, ಬಸವೇಶ್ ಅಂತ. ಹುಬ್ಬಳ್ಳಿ ಕಡೆಯ ಹುಡುಗ, ಇಲ್ಲಿಗೆ ಹೊಸದಾಗಿ ಬಂದವನು. ಬಿಸಿಲಿಗೆ ಬೆವರಿ ಟೋಪಿಯೊಳಗೆ ಗಾಳಿ ಹಾಕಿಕೊಳ್ಳುತ್ತಾ ಅಂಗಳಕ್ಕೆ ಬಂದ.

“ಯಾರ್ರೀ ಕಂಪ್ಲೇಂಟ್ ಕೊಟ್ಟವ್ರು?”

ಉಮಾಮಹೇಶ್ವರ ಬಾಯಿ ತೆರೆದ. ಅದಕ್ಕಿಂತ ಮುಂಚೆ ಬಾಗಿಲಿಂದ ಬಂತು ದನಿ. ಗಟ್ಟಿಯಾಗಿ.

“ಆಸರಿಗೆ ಎಂತ ಬೇಕು?”

ಉಮಾಮಹೇಶ್ವರ ತಿರುಗಿದ. “ಇವರಿಗೆ ಕೇಳು. ಅವನಿಗಲ್ಲ.”

ಶಾರದಾಂಬ ಹೇಳಿದರು, “ನಾನು ಅಂಗಳಕ್ಕೆ ಕೇಳಿದ್ದು.”

ಹಾಗೇ ಹೇಳಿದರು. ಅಕ್ಷರ ತಪ್ಪಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಬಂದರು. ಒಂದು ಪೊಲೀಸಿಗೆ, ಒಂದು ನೆಲದ ಮೇಲೆ ಕೂತ ನನಗೆ. ಬಗ್ಗಿ ಕೊಟ್ಟರು.

ಕಾನ್‌ಸ್ಟೇಬಲ್ ನನ್ನ ಹತ್ತಿರ ಬಂದು ಮೆಲ್ಲಗೆ, “ಅಜ್ಜಾರ, ಅಮ್ಮಾರು ಏನಂದ್ರು? ಆಸರೆಗೆ ಅಂದ್ರೇನು?”

“ಆಸರಿಗೆ ಅಂದರು ಸಾರ್.”

“ಅದ ಮತ್ತ, ಆಸರೆ. ಇಲ್ಲೆ ನಿಮಗ ಆಸರೆ ಕೊಟ್ಟಾರೇನು?”

ನೋಡಿ, ಇಂಥ ಹೊತ್ತಲ್ಲೇ ಮನುಷ್ಯನ ಬುದ್ಧಿ ಗೊತ್ತಾಗುವುದು. ತಿದ್ದಬಹುದಿತ್ತು. ತಿದ್ದಲಿಲ್ಲ.

“ದಿನಾ ಕೊಡ್ತಿದ್ರು ಸಾರ್. ಈಚೆಗೆ ಯಜಮಾನ್ರು ನಿಲ್ಲಿಸಿಬಿಟ್ಟರು.”

ಅವನು ಉಮಾಮಹೇಶ್ವರನ ಕಡೆ ತಿರುಗಿ, “ಏನ್ರೀ ಸರ, ವಯಸ್ಸಾದಾರು, ಕಾಲ ಮುರದೈತಿ. ಆಸರೆ ಕೊಟ್ಟು ಹಿಂದಕ ಕಸಗೊಂಡ್ರ ಹೆಂಗ? ಇದಕ್ಕ ಅತಿಕ್ರಮ ಪ್ರವೇಶ ಅಂತ ನಾ ಹೆಂಗ ಬರೀಲಿ?”

“ಆಸರೆ ಅಲ್ಲರೀ! ಆಸರಿಗೆ! ಆಸರಿಗೆ! ಬಾಯಾರಿಕೆಗೆ!”

“ಅದನ್ನೂ ಕೊಟ್ಟಾರಲ್ರೀ. ನನಗೂ ಕೊಟ್ಟಾರ. ಮಸ್ತ್ ಐತಿ.” ಅವನು ಕುಡಿಯುವಾಗ ಯಮುನಮ್ಮ ಬಿದ್ದದ್ದನ್ನ ನಾನು ಹೇಳಿದೆ. ಕುಡಿದು ಮುಗಿಸಿದ. “ಆ ಹೆಣ್ಣಮಗಳು ಹೋಗೂದು ಯಾವ ದಾರಿ?”

ಶಾರದಾಂಬ ಯಾರೂ ಹೇಳದೆಯೇ ಕೀ ತಂದರು. ಗೇಟು ತೆರೆದು ಕಾನ್‌ಸ್ಟೇಬಲ್ ಆಚೆ ಹೋದ, ಸಂಕ ನೋಡಿದ, ಬೂಟಿನ ತುದಿಯಿಂದ ಒಮ್ಮೆ ಅಲುಗಿಸಿದ. ವಾಪಸ್ ಬಂದ. “ನಾ ಅಂತೂ ಇದರ ಮ್ಯಾಲ ಹೋಗಂಗಿಲ್ರೀ. ನೀವ ನೀವ ಕುಂತು ಮಾತಾಡ್ರಿ. ಇದು ಸ್ಟೇಷನ್‌ದ ಕೆಲಸ ಅಲ್ಲ.”

ಯಮುನಮ್ಮ ಮೊಣಕೈಗೆ ಬಟ್ಟೆ ಕಟ್ಟಿಕೊಂಡು, ಬುಟ್ಟಿ ಹೊತ್ತು, ಪೊಲೀಸಿನ ಹಿಂದೆಯೇ ಅಂಗಳ ದಾಟಿದಳು. ಎಸ್ಕಾರ್ಟು! ಮಂತ್ರಿಗೂ ಇಲ್ಲ ಅಂಥ ಗತ್ತು.

ಅವರು ಹೋದ ಮೇಲೆ ಉಮಾಮಹೇಶ್ವರ ಹೋಗಿ ಬೀಗ ಹಾಕಿದ. ಕಟಕ್.

ಮಾರ್ಚ್ 4

ಬೀಗ ಹಾಗೇ ಇದೆ. ಕೀ ಈಗ ಮೊಳೆಯಲ್ಲಿ ಇಲ್ಲವಂತೆ, ಅವನ ಸೊಂಟದಲ್ಲಿ. ಯಮುನಮ್ಮನ ಬುಟ್ಟಿ ಇವತ್ತು ಹರೀಶ ಸಂಕ ದಾಟಿಸಿ ಕೊಟ್ಟ. ಅವನಿಗೆ ರಜೆ ಒಂದೇ ದಿನ.

ನಗೆ ಎಲ್ಲ ಇಳಿಯಿತು. ಗೆದ್ದದ್ದು ಒಂದು ಬೆಳಗ್ಗೆ ಮಾತ್ರ.

ಮಾರ್ಚ್ 5, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ಎಕ್ಸ್‌ರೇ ನೋಡಿ ಡಾಕ್ಟರು, “ಕೂಡಿದೆ. ಊರಿಗೆ ಹೋಗಬಹುದು” ಅಂದರು. ಒಂದು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಅಲ್ಲೇ ಕುಣೀತಿದ್ದೆ.

“ಇನ್ನೂ ನೋವಿದೆ ಡಾಕ್ಟ್ರೆ.”

“ಎಲ್ಲಿ?”

“ಸುತ್ತೂ.”

ರೇಖಾ ಹೊರಗೆ ಬಂದು ಮೆಲ್ಲಗೆ, “ಹೋಗಬೇಡ ಮಾವ. ನಾನು ಅತ್ತೆಗೆ ಹೇಳ್ತೇನೆ, ಮೂಳೆ ಇನ್ನೂ ಹಸಿ ಅಂತ.” ಸುಳ್ಳು ಹೇಳಲಿಕ್ಕೆ ಕಲಿತಿದೆ ಕೂಸು. ಗುರು ನಾನೇ.

ಸಂಜೆ ಯಮುನಮ್ಮ ಒಂದು ಸುದ್ದಿ ತಂದಳು. ಅವಳ ಹಿತ್ತಲಿಂದ ಆ ಮನೆಯ ಮಾತು ಕೇಳುತ್ತದೆ. ಮೊನ್ನೆಯಿಂದ ಶಾರದಾಂಬ ಗಂಡನಿಗೂ ಕೇಳುತ್ತಿಲ್ಲವಂತೆ!

ಬೆಳಿಗ್ಗೆ ಪೇಟೆಗೆ ಹೋಗಿ ಬಿಸಿಲಲ್ಲಿ ಬಂದನಂತೆ ಮನುಷ್ಯ. ಜಗಲಿ ಮೇಲೆ ಕೂತ. ಕಾದ. ಏನೂ ಇಲ್ಲ. ಕೊನೆಗೆ, “ಆಸರಿಗೆ ಎಂತಾದರೂ ಕೊಡ್ತೀಯೇನೇ?” ಅಂದ. ಒಳಗಿಂದ ಉತ್ತರ: “ಬಂದವರಿಗೆ ಯಾರಿಗೂ ಕೇಳಬಾರದು ಅಂದಿರಲ್ಲ. ನೀವೂ ಹೊರಗಿಂದಲೇ ಬಂದಿರಿ. ಹಂಡೆಯಲ್ಲಿ ನೀರಿದೆ.”

ಊಟ ಬಡಿಸುತ್ತಾರಂತೆ, ಬಟ್ಟೆ ಒಗೆಯುತ್ತಾರಂತೆ, ಪೂಜೆಗೆ ಅಣಿ ಮಾಡುತ್ತಾರಂತೆ. ಅದೊಂದು ಮಾತು ಮಾತ್ರ ಇಲ್ಲ.

ನಾನು ಊರುಗೋಲು ಎತ್ತಿ ಕುಣಿದೆ. ಆಮೇಲೆ ಕೂತೆ. ಅವನು ಮದುವೆಯಾದಾಗಿನಿಂದ ಮನೆಗೆ ಬಂದ ಕೂಡಲೇ ಕೇಳಿದ ಮಾತು. ಅದು ನಿಂತರೆ ಮನೆ ಯಾವುದು, ರಸ್ತೆ ಯಾವುದು? ನನಗೆ ಒಂದೇ ದಿನ ಕೇಳದಿದ್ದಕ್ಕೆ ವಾರ ಬರೆಯಲಿಕ್ಕೆ ಆಗಲಿಲ್ಲ.

ಆದರೂ ಬಿಡುವುದಿಲ್ಲ. ಪಾಪ ಅಂದರೆ ಬೀಗ ಕರಗ್ತದಾ?

ಮಾರ್ಚ್ 6, ಗುರುವಾರ. ಮಧ್ಯಾಹ್ನ

ರೇಖಾ ಕೆಲಸಕ್ಕೆ ಹೋಗಿದ್ದಾಳೆ. ಜಗಲಿಯಲ್ಲಿ ಕೂತು ಬರೀತಾ ಇದೀನಿ. ಬಿಸಿಲು ರಪರಪ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ.

ಇದೆ. ಒಬ್ಬ ಬರ್ತಾ ಇದಾನೆ. ಕೊಡೆ ಇಲ್ಲ, ತಲೆ ಮೇಲೆ ಟವೆಲು. ಉಮಾಮಹೇಶ್ವರ. ನಮ್ಮ ಗೇಟಿನ ಹತ್ತಿರ ನಿಂತ. ಮನೆ ಬಿಡಿ ಅನ್ನಲಿಕ್ಕೇ ಬಂದದ್ದು. ಬರಲಿ. ಏಳುವುದಿಲ್ಲ. ತಲೆಯನ್ನೂ ಎತ್ತುವುದಿಲ್ಲ. ಬರೀತಾ ಇದೀನಿ, ಬಹಳ ಬಿಜಿ. ಮಾತಾಡಿಸಿದರೆ ಒಂದೇ ಮಾತು ಹೇಳುವುದು, ಗೇಟು ತೆಗಿ, ಆಮೇಲೆ ಬಾ ಅಂತ. ಚಿಲಕ ತೆಗೆದ. ಅಂಗಳಕ್ಕೆ ಬಂದ —

ಥತ್! ಥತ್! ಥತ್!

ಕೇಳಿಬಿಟ್ಟೆ. ನಾನು! ಈ ಹಾಳು ಬಾಯಿ! ಅವನು ಒಂದು ಮಾತಾಡಲಿಲ್ಲ, ನಾನೇ — “ಆಸರಿಗೆ ಎಂತ ಬೇಕು ಭಟ್ರೆ?”

ಈಗ ಅಡುಗೆಮನೆಯಲ್ಲಿ ನಿಂತು ಬರೀತಾ ಇದೀನಿ. ಬೆಲ್ಲದ ಡಬ್ಬ ಎಲ್ಲಿಟ್ಟಿದ್ದಾಳೋ ಈ ಹುಡುಗಿ. ಅವನು ಹೊರಗೆ ಜಗಲಿ ಮೇಲೆ ಕೂತಿದ್ದಾನೆ. ಕೇಳಿದ ಕೂಡಲೇ ಕೂತ. “ಬೆಲ್ಲ ಸ್ವಲ್ಪವೇ ಹಾಕಿ. ಶುಗರ್ ಇದೆ” ಅಂದ. ದನಿ ಸಣ್ಣ. ಇನ್ನು ಬೈಯುವ ಹಾಗಿಲ್ಲ ನಾನು. ಅವನೂ ಬೈಯುವ ಹಾಗಿಲ್ಲ. ಇಬ್ಬರೂ ಕೆಟ್ಟೆವು.

ಕಿಟಕಿಯಿಂದ ಕಾಣ್ತದೆ. ಸೊಂಟದಲ್ಲಿ ಏನೋ ಸಿಕ್ಕಿಸಿಕೊಂಡು ಬಂದಿದ್ದ, ಈಗ ತೆಗೆದು ಜಗಲಿ ಮೇಲೆ ಇಟ್ಟ. ಕೀ ಅಂದುಕೊಂಡೆ. ಕೀ ಅಲ್ಲ. ಬೀಗ! ಬಾಯಿ ತೆರೆದ ಬೀಗ.

ಹಾಂ, ಬೆಲ್ಲ ಸಿಕ್ಕಿತು. ಎರಡು ಲೋಟ. ಅಲ್ಲ, ಆ ಕಡೆಯಿಂದ ಬುಟ್ಟಿ ಹಿಡಿದು ಯಮುನಮ್ಮನೂ ಬರ್ತಾ ಇದಾಳೆ, ಓಣಿ ಕಡೆಯಿಂದಲೇ, ಮೂರು ಲೋಟ —